ಮಳವಳ್ಳಿ ಸಂತೆಯ ಕೊತ್ತಂಬರಿ

ಇಸವಿ 1936. ನಾನಾಗ ಮದ್ದೂರಿನಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್. ಮಂಡ್ಯ ಇನ್ನೂ ಮೈಸೂರು ಜಿಲ್ಲೆಯೊಳಗೇ ಇದ್ದ ಕಾಲ. ಹೊಸ ನಾಲೆಯ ನೀರು ಬಂದು ಕೆಲವೇ ವರ್ಷಗಳಾಗಿದ್ದವು. ನೀರಿನ ಹಿಂದೆ ಕಬ್ಬು ಬಂತು, ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆ ಬಂತು, ಯಾರೂ ಕರೆಯದಿದ್ದರೂ ಸೊಳ್ಳೆ ಎಲ್ಲರಿಗಿಂತ ಮುಂಚೆ ಬಂದು ಕೂತಿತ್ತು. ಮನೆಮನೆಯಲ್ಲೂ ಚಳಿಜ್ವರ. ಗದ್ದೆ ಹಸಿರಾಗಿ ನಗುತ್ತಿದ್ದರೆ ಗದ್ದೆಯ ಒಡೆಯ ಕಂಬಳಿ ಹೊದ್ದು ಜಗಲಿಯ ಮೇಲೆ ನಡುಗುತ್ತಿದ್ದ.

ಮದ್ದೂರು, ಮಳವಳ್ಳಿ ಎರಡೂ ಕಡೆಯ ಬಾವಿ, ಚರಂಡಿ, ಹೋಟೆಲು, ಸಂತೆ ನನ್ನ ಕೆಲಸದ ವ್ಯಾಪ್ತಿಗೆ ಸೇರಿದ್ದವು. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಊರಿಗೆ ತೀರ ಹತ್ತಿರ ಭತ್ತ, ಕಬ್ಬು ಹಾಕಿದವರ ಮೇಲೆ ವರದಿ ಕಳಿಸುವುದು, ಸಂತೆಯಲ್ಲಿ ಕೊಳೆತ ಹಣ್ಣು, ನೊಣ ಮುತ್ತಿದ ಕರ್ಬೂಜದ ಹೋಳು, ಚರಂಡಿ ನೀರಿನಲ್ಲಿ ಅದ್ದಿ ತಂದ ಸೊಪ್ಪು ಕಂಡರೆ ಜಪ್ತಿ ಮಾಡಿ ಗುಂಡಿಗೆ ಹಾಕಿ ಫಿನಾಯಿಲ್ ಸುರಿಯುವುದು. ಫಿನಾಯಿಲ್ ಯಾಕೆಂದರೆ, ಬರೀ ಗುಂಡಿಗೆ ಹಾಕಿದರೆ ನಾನು ಬೆನ್ನು ತಿರುಗಿಸಿದ ತಕ್ಷಣ ಅದೇ ಮಾಲು ಮಣ್ಣು ಕೊಡವಿಕೊಂಡು ಮತ್ತೆ ಬುಟ್ಟಿ ಸೇರುತ್ತಿತ್ತು. ಸಂತೆಯವರು ನನಗೆ ಇಟ್ಟ ಹೆಸರೇ ಫಿನಾಯಿಲು. ನನ್ನ ಟೋಪಿ ದೂರದಲ್ಲಿ ಕಂಡರೆ ಸಾಕು, "ಬಂದ ಕಣ್ಲಾ ಫಿನಾಯಿಲು, ಮುಚ್ಚು ಮುಚ್ಚು" ಎಂಬ ಮಾತು ಸೊಪ್ಪಿನ ಸಾಲಿನಿಂದ ಮೀನಿನ ಸಾಲಿನವರೆಗೆ ಓಡುತ್ತಿತ್ತು. ನನಗೂ ಕೋಪ ಮೂಗಿನ ಮೇಲೇ ಇತ್ತು, ಬೈದವರಿಗೆ ತಿರುಗಿ ಬೈಯದೆ ನಾನು ಸಂತೆ ದಾಟಿದ ದಿನವಿಲ್ಲ.

ಸೊಳ್ಳೆಯ ಮರಿಗಳನ್ನು ಕೊಲ್ಲಲು ಆಗ ಪ್ಯಾರಿಸ್ ಗ್ರೀನ್ ಎಂಬ ಪುಡಿ ಬಳಸುತ್ತಿದ್ದೆವು. ತಾಮ್ರದ ಜೊತೆ ಆರ್ಸೆನಿಕ್, ಎಂದರೆ ಪಾಷಾಣ, ಸೇರಿದ ಪುಡಿ ಅದು. ಕಣ್ಣಿಗೆ ಹೊಡೆಯುವ ಹಸಿರು. ಒಂದು ಪಾಲು ಪುಡಿಗೆ ನೂರು ಪಾಲು ರಸ್ತೆಯ ಧೂಳು ಬೆರೆಸಿ, ಗಾಳಿ ಬೀಸುವ ಕಡೆ ನಿಂತು, ಕೆರೆ ಕುಂಟೆಗಳ ನೀರಿನ ಮೇಲೆ ತೂರಬೇಕು. ನೀರಿನ ಮೇಲ್ಪದರದಲ್ಲಿ ಮೇಯುವ ಸೊಳ್ಳೆ ಮರಿ ಅದನ್ನು ನುಂಗಿ ಸಾಯುತ್ತದೆ. ಅಷ್ಟು ತೆಳ್ಳಗೆ ಬಿದ್ದ ಪುಡಿಯಿಂದ ದನಕ್ಕೂ ತೊಂದರೆಯಿಲ್ಲ, ಮನುಷ್ಯನಿಗೂ ತೊಂದರೆಯಿಲ್ಲ. ಡ್ರಮ್ಮಿನೊಳಗಿನ ಬೆರೆಸದ ಪುಡಿಯ ಮಾತು ಬೇರೆ. ಒಂದಿಷ್ಟು ಹೊಟ್ಟೆಗೆ ಹೋದರೆ ಆಳು ಉಳಿಯುವುದು ಕಷ್ಟ.

ಜನ ಸುಮ್ಮನೆ ಬಿಟ್ಟಾರೆಯೇ? ಸರ್ಕಾರ ಕೆರೆಗೆ ವಿಷ ಹಾಕಿಸುತ್ತಿದೆ ಎಂಬ ಸುದ್ದಿ ಹಬ್ಬಿತು. ಎರಡು ಹಳ್ಳಿಗಳಲ್ಲಿ ಪುಡಿ ತೂರುವ ಕೂಲಿಗಳನ್ನು ಅಟ್ಟಿಸಿಕೊಂಡು ಬಂದರು. ಆಗ ಮಲೇರಿಯಾ ಕೆಲಸದ ಹೊಣೆ ಹೊತ್ತಿದ್ದವರು ಆಸ್ಪತ್ರೆಯ ಡಾಕ್ಟರು. ದೊಡ್ಡ ದೇಹ, ಅದಕ್ಕಿಂತ ದೊಡ್ಡ ಗಂಟಲು. ಅವರು ಒಂದು ಉಪಾಯ ಮಾಡಿದರು. ಹಳ್ಳಿಗೆ ಹೋಗುವುದು, ಜನರನ್ನು ಕೆರೆ ಏರಿಯ ಮೇಲೆ ಸೇರಿಸುವುದು, ಎಲ್ಲರೆದುರಿಗೆ ಪುಡಿ ತೂರಿಸಿ, ಅದೇ ನೀರನ್ನು ಲೋಟದಲ್ಲಿ ಮೊಗೆದು ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ನೋಡ್ರಪ್ಪಾ, ಸತ್ತೆನಾ?" ಎಂದು ಕೇಳುವುದು. ಜನ ನಗುತ್ತಿದ್ದರು. ಕೂಲಿಗಳ ಮೇಲಿನ ಹಲ್ಲೆ ನಿಂತಿತು. ನಮ್ಮ ಪಾಲಿಗೆ ಅದು ದೊಡ್ಡ ಗೆಲುವಾಗಿತ್ತು.

ಆ ವರ್ಷದ ರಾಮನವಮಿಗೆ ಮದ್ದೂರಿನ ಪೇಟೆ ಬೀದಿಯಲ್ಲಿ ಚಪ್ಪರ ಹಾಕಿ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚಿದರು. ಬೇಸಿಗೆಯ ಹಬ್ಬವೆಂದರೆ ಕಾಲರಾದ ಭಯ ಇದ್ದದ್ದೇ. ಹಾಗಾಗಿ ಪಾನಕಕ್ಕೆ ನೀರು ಸೇದುವ ಬಾವಿಗೆ ನಾನೇ ಮುಂದೆ ನಿಂತು ಬ್ಲೀಚಿಂಗ್ ಪೌಡರ್ ಹಾಕಿಸಿದ್ದೆ. ಅದನ್ನು ಬೀದಿಯವರೆಲ್ಲ ನೋಡಿದ್ದರು. ಮಧ್ಯಾಹ್ನ ಹಂಚಿಕೆ ಮುಗಿಯಿತು. ಬಿಸಿಲು ಇಳಿಯುವಷ್ಟರಲ್ಲಿ ಬೀದಿಯ ಮನೆಗಳಲ್ಲಿ ವಾಂತಿ ಶುರುವಾಯಿತು.

ಕಾಲರಾ ಎಂದೇ ತಿಳಿದೆವು. ಕಾಲರಾದಲ್ಲಿ ಏನೇನು ಮಾಡಬೇಕೋ ಅದನ್ನೆಲ್ಲ ಮಾಡಿದೆ. ಬಾವಿಗಳಿಗೆ ಮತ್ತೆ ಪುಡಿ, ಹೋಟೆಲುಗಳಿಗೆ ಬೀಗ, ಬಟ್ಟೆಬರೆ ಸುಡಿಸುವುದು. ಬೆಳಗಾಗುವ ಹೊತ್ತಿಗೆ ಐದು ಹೆಣ ಬಿದ್ದವು. ಒಬ್ಬರು ಶಾಲೆಯ ಮೇಷ್ಟರ ಹೆಂಡತಿ. ಹಿಂದಿನ ದಿನ ಚಪ್ಪರದಲ್ಲಿ ನನ್ನ ಕೈಗೆ ಕೋಸಂಬರಿಯ ದೊನ್ನೆ ಕೊಡಲು ಬಂದಿದ್ದವರು. ನಾನು ಹಸಿ ತರಕಾರಿ ಹೊರಗೆ ತಿನ್ನುವುದಿಲ್ಲವೆಂದು ಬೇಡ ಅಂದಿದ್ದೆ. ಅವರ ಮನೆಯ ಬಾಗಿಲಲ್ಲಿ ನಿಂತಾಗ ಮೇಷ್ಟರು ನನ್ನನ್ನು ನೋಡಿ, "ನೀವು ತಿನ್ನಲಿಲ್ಲ ಅಲ್ಲವೇ?" ಎಂದರು. ಅಷ್ಟೇ ಅಂದದ್ದು. ಆದರೆ ಪಕ್ಕದಲ್ಲಿದ್ದವರು ಆ ಮಾತನ್ನು ಹಿಡಿದುಕೊಂಡರು.

ಬಾವಿಗೆ ಪುಡಿ ಹಾಕಿಸಿದವನು ನಾನು. ಕೋಸಂಬರಿ ತಿನ್ನದವನೂ ನಾನು. ಊರ ಹೊರಗೆ ಕೆರೆಯ ಬಳಿ ನಮ್ಮ ಪುಡಿಯ ಡ್ರಮ್ಮುಗಳಿದ್ದ ಶೆಡ್ಡು. ಜನಕ್ಕೆ ಇನ್ನೇನು ಬೇಕಿತ್ತು? ನೂರಾರು ಜನ ಬಂಡಿಯ ಗೂಟ, ಒನಕೆ, ಸೌದೆ ಹಿಡಿದು ಶೆಡ್ಡಿಗೆ ನುಗ್ಗಿದರು. ನಾನು ಓಡಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಶೆಡ್ಡಿನ ಹುಲ್ಲಿನ ಸೂರು ಹತ್ತಿ ಉರಿಯುತ್ತಿತ್ತು. ಕೂಲಿಗಳು ಓಡಿಹೋಗಿದ್ದರು, ನಿಂಗನೊಬ್ಬ ಸಿಕ್ಕಿಬಿದ್ದಿದ್ದ. ಡ್ರಮ್ಮುಗಳ ಕಾವಲಿಗಿದ್ದ ಕೂಲಿ ಅವನು. ಅವನನ್ನು ನೆಲಕ್ಕೆ ಕೆಡವಿ ಕಾಲಿನ ಮೇಲೆ ಒನಕೆಯಿಂದ ಕುಟ್ಟುತ್ತಿದ್ದರು. ಒಬ್ಬ ಅವನ ಎದೆಯ ಮೇಲೆ ಕೂತು ದವಡೆ ಅಗಲಿಸಿ, "ತಿನ್ಲಾ, ನಿನ್ ಪುಡೀನ ನೀನೇ ತಿನ್ಲಾ" ಎಂದು ಬಾಯಿಗೆ ಮಣ್ಣು ತುರುಕುತ್ತಿದ್ದ. ಅದು ಪುಡಿಯಲ್ಲ, ಬರೀ ಮಣ್ಣು. ಅದೇ ಅವನ ಪುಣ್ಯ.

ಆ ಜನ ಯಾರು ಅಂದುಕೊಂಡಿರಿ? ಪುಂಡರಲ್ಲ. ದಿನಾ ನನಗೆ ನಮಸ್ಕಾರ ಹೇಳುವ ಅಂಗಡಿಯವರು, ಬಂಡಿಯವರು, ಕಚೇರಿಯ ಗುಮಾಸ್ತರು. ಮನೆಯಲ್ಲಿ ಹೆಣ ಇಟ್ಟುಕೊಂಡು ಬಂದವರು. ಠಾಣೆಯಿಂದ ಪೊಲೀಸರು ಬಂದು ಲಾಠಿ ಬೀಸಿದ ಮೇಲೆ ನಾವು ನಿಂಗನನ್ನು ಹೊತ್ತು ಆಸ್ಪತ್ರೆಗೆ ತಂದೆವು. ದಾರಿಯುದ್ದಕ್ಕೂ ಕಲ್ಲು ಬಿದ್ದವು. ನಿಂಗನ ಕಾಲು ಮಂಡಿಯ ಕೆಳಗೆ ಎರಡು ಕಡೆ ಮುರಿದಿತ್ತು, ಅವನು ಅಳುತ್ತಲೂ ಇರಲಿಲ್ಲ.

ಡಾಕ್ಟರು ರೋಗಿಗಳ ನಡುವೆ ಕಣ್ಣು ಮುಚ್ಚದೆ ಇದ್ದವರು. ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಹಾಕಿದರು. "ಇದು ಕಾಲರಾ ಅಲ್ಲ ಕಣ್ರೀ. ಕಾಲರಾದಲ್ಲಿ ಭೇದಿ ಮೊದಲು, ವಾಂತಿ ಆಮೇಲೆ. ಇಲ್ಲಿ ವಾಂತಿಯೇ ಮೊದಲು. ಗಂಟಲು ಉರಿ ಅಂತಾರೆ, ವಾಂತಿಯಲ್ಲಿ ರಕ್ತ ಬರ್ತಿದೆ." ರೋಗಿಯೊಬ್ಬನ ವಾಂತಿಗೆ ಆಸಿಡ್ ಬೆರೆಸಿ ಅದರಲ್ಲಿ ತಾಮ್ರದ ಪಟ್ಟಿ ಇಟ್ಟು ಕುದಿಸಿದ್ದರು. ಪಟ್ಟಿ ಕರ್ರಗಾಗಿತ್ತು. ಆರ್ಸೆನಿಕ್ ಇದ್ದರೆ ಹೀಗಾಗುತ್ತದೆ. ಅವರ ದೊಡ್ಡ ಗಂಟಲು ಅಂದು ಪಿಸುಮಾತಿಗಿಳಿದಿತ್ತು.

ಅಂದರೆ ಬೀದಿಯವರು ಹೇಳುತ್ತಿದ್ದುದು ಅರ್ಧ ನಿಜ. ವಿಷ ನಮ್ಮದೇ. ಆದರೆ ಅದು ಎಲ್ಲಿಂದ ಹೋಯಿತು? ಬಾವಿಯಿಂದ ಅಲ್ಲ, ಪಾನಕ, ಮಜ್ಜಿಗೆ ಮಾತ್ರ ಕುಡಿದವರೆಲ್ಲ ಗುಂಡುಕಲ್ಲಿನಂತೆ ಓಡಾಡಿಕೊಂಡಿದ್ದರು. ಬಿದ್ದವರು ಕೋಸಂಬರಿ ತಿಂದವರು. ಹೆಸರುಬೇಳೆ, ಸೌತೆಕಾಯಿ, ತೆಂಗಿನಕಾಯಿ, ಹಸಿ ಕೊತ್ತಂಬರಿ ಸೊಪ್ಪು. ಚಪ್ಪರಕ್ಕೆ ಬರದೆ ಮನೆಯಲ್ಲೇ ಕೊತ್ತಂಬರಿ ಚಟ್ನಿ ಅರೆದು ತಿಂದ ಒಂದು ಕುಟುಂಬವೂ ಮಲಗಿತ್ತು. ಹಸಿರು ಸೊಪ್ಪಿನ ಮೇಲೆ ಹಸಿರು ಪುಡಿ ಯಾರ ಕಣ್ಣಿಗೆ ಬಿದ್ದೀತು? ನಾನು ನಿಂಗನ ಹಾಸಿಗೆಯ ಬಳಿ ಕೂತು, ಡ್ರಮ್ಮಿನಿಂದ ಯಾರಿಗಾದರೂ ಪುಡಿ ಕೊಟ್ಟೆಯಾ ಎಂದು ಕೇಳಿದೆ.

"ಕೊಟ್ಟೆ ಬುದ್ಧಿ. ಪುಟ್ಟಬೋರಣ್ಣಂಗೆ ಒಂದ್ ಡಬ್ಬಿ. ತ್ವಾಟುಕ್ಕೆ ಉಳ ಬಿದ್ದದೆ ಅಂತ ಕೇಳ್ದ."

ಪುಟ್ಟಬೋರಯ್ಯನ ಸೊಪ್ಪಿನ ತೋಟ ಶಿಂಷಾ ಹೊಳೆಯ ದಡದಲ್ಲಿ, ಮಳವಳ್ಳಿ ರಸ್ತೆಗೆ ಹತ್ತಿರ. ಕಾನ್‌ಸ್ಟೇಬಲ್ ಖಾಸಿಂ ಎಂಬುವರನ್ನು ಜೊತೆಗೆ ಕರೆದುಕೊಂಡು ಹೋದೆ. ಗಟ್ಟಿ ಆಳು, ಮಾತು ಕಡಿಮೆ. ತೋಟದಲ್ಲಿ ಪುಟ್ಟಬೋರಯ್ಯ ಪಾತಿಗೆ ನೀರು ಕಟ್ಟುತ್ತಿದ್ದ. ಊರಿನ ಗಲಾಟೆ ಅವನಿಗೆ ಗೊತ್ತೇ ಇರಲಿಲ್ಲ. ಪುಡಿಯ ವಿಚಾರ ಕೇಳಿದರೆ ಖುಷಿಯಿಂದ ಗುಡಿಸಲಿಗೆ ಹೋಗಿ ಡಬ್ಬಿ ತಂದ. ಅರ್ಧ ಖಾಲಿಯಾಗಿತ್ತು.

"ಬಾಳ ಚೆನ್ನಾಗದೆ ಸ್ವಾಮಿ. ಬೆರ್ಸುದ್ರೆ ಕಸುವು ಕಮ್ಮಿ ಆಯ್ತದೆ ಅಂತ ಅಂಗೇ ಉದುರ್ಸ್ದೆ. ಉಳ ಎಲ್ಲಾ ಸತ್ತೋದೋ."

"ಅದು ಪಾಷಾಣ ಕಣಯ್ಯಾ! ಊರಲ್ಲಿ ಜನ ಸತ್ತಿದ್ದಾರೆ!"

ಅವನು ನನ್ನ ಮುಖ ನೋಡಿ ನಕ್ಕ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. "ಪಾಸಾಣ ಯಾಕಾದದು ಸ್ವಾಮಿ? ಡಾಕ್ಟ್ರು ಸ್ವಾಮ್ಯೋರೇ ಕುಡುದ್ರಲ್ಲ. ನಮ್ಮೂರ್ ಕೆರೇ ತಾವ ನಾನೇ ಕಣ್ಣಾರ ನೋಡಿವ್ನಿ. ಬೇಕಾರೆ ನೋಡಿ" ಎಂದವನೇ ಬಗ್ಗಿ ಒಂದು ಹಿಡಿ ಕೊತ್ತಂಬರಿ ಕಿತ್ತು ಬಾಯಿಗೆ ತುಂಬಿಕೊಂಡ.

ನಾನು ಅವನ ಕೆನ್ನೆಗೆ ಹೊಡೆದೆ. ಬಲವಾಗಿಯೇ ಹೊಡೆದೆ. ಅವನು ಪಾತಿಯೊಳಗೆ ಬಿದ್ದ. ಮೇಲೆ ಬಿದ್ದು ಬಾಯೊಳಗೆ ಬೆರಳು ಹಾಕಿ ಸೊಪ್ಪು ಕಿತ್ತೆ, ಅವನ ಹಲ್ಲು ನನ್ನ ಬೆರಳನ್ನು ಸೀಳಿತು. ಖಾಸಿಂ ಅವನ ತಲೆ ಬಗ್ಗಿಸಿ ಗಂಟಲಿಗೆ ಕೈ ಹಾಕಿ ಕಕ್ಕಿಸಿದರು. ಎಲ್ಲ ಮುಗಿದ ಮೇಲೆ ಪುಟ್ಟಬೋರಯ್ಯ ಕೆಸರಿನಲ್ಲಿ ಕೂತು ನನ್ನ ಕೈಯ ರಕ್ತ ನೋಡುತ್ತಿದ್ದ. ಆಗ ಅವನಿಗೆ ಅರ್ಥವಾಯಿತು.

"ಕಾಳಿ ಸಂತೆಗೆ ಓದ್ಳು ಸ್ವಾಮಿ" ಅಂದ. "ಕೋಳಿ ಕೂಗೋ ಒತ್ಗೇ ಬೆಲ್ಲುದ್ ಗಾಡೀಲಿ ಮಳವಳ್ಳಿಗೆ ಓದ್ಳು. ಎರಡ್ ಬುಟ್ಟಿ ಕೊತ್ತುಂಬ್ರಿ ತಕ್ಕೊಂಡು."

ಕಾಳಿ ಎಂದರೆ ಅವನ ಹೆಂಡತಿ ಕಾಳಮ್ಮ. ಅಂದು ಮಳವಳ್ಳಿ ಸಂತೆ. ಹಬ್ಬಕ್ಕೆ ಮದ್ದೂರಿನಲ್ಲಿ ಮಾರಿ ಉಳಿದ ಸೊಪ್ಪನ್ನು ಅವಳು ಅಲ್ಲಿಗೆ ಒಯ್ದಿದ್ದಳು. ನನಗೆ ಮೊದಲು ಕಂಡದ್ದು ಎರಡು ಬುಟ್ಟಿ ಸೊಪ್ಪು ಎಷ್ಟು ಮನೆ ಸೇರುತ್ತದೆ ಎಂಬುದು. ಪುಟ್ಟಬೋರಯ್ಯನಿಗೆ ಕಂಡದ್ದು ಬೇರೆ. ನಿಂಗನನ್ನು ಏನು ಮಾಡಿದರೆಂದು ಖಾಸಿಂ ಹೇಳಿದ್ದನ್ನು ಕೇಳಿ ಅವನು ನನ್ನ ಕಾಲು ಹಿಡಿದ. "ಅವ್ಳ್‌ಗೇನೂ ಗೊತ್ತಿಲ್ಲ ಸ್ವಾಮಿ. ಪುಡಿ ಆಕ್ದೋನು ನಾನು. ಅವ್ಳ್ನ ಜನುದ್ ಕೈಗೆ ಕೊಡ್ಬ್ಯಾಡಿ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸಂತೆಯಲ್ಲಿ ನಿಂತು "ಸೊಪ್ಪಿನಲ್ಲಿ ವಿಷವಿದೆ" ಎಂದು ಕೂಗಿದರೆ ಸೊಪ್ಪನ್ನು ಯಾರೂ ತಿನ್ನುವುದಿಲ್ಲ, ನಿಜ. ಆದರೆ ಮದ್ದೂರಿನ ಸಾವಿನ ಸುದ್ದಿ ಅಲ್ಲಿಗೂ ಮುಟ್ಟಿರುತ್ತದೆ. ಸೊಪ್ಪು ಯಾರದು ಎಂದು ಹುಡುಕಲು ಅವರಿಗೆ ಎಷ್ಟು ಹೊತ್ತು ಬೇಕು? ಸಿಟ್ಟೆದ್ದ ಜನ ಕೈಗೆ ಸಿಕ್ಕವರನ್ನು ಏನು ಮಾಡಬಹುದೆಂದು ಬೆಳಗ್ಗೆ ತಾನೇ ಶೆಡ್ಡಿನ ಮುಂದೆ ನಾನು ನೋಡಿ ಬಂದಿದ್ದೆ. ಕೂಗದೆ ಸುಮ್ಮನಿದ್ದರೆ ಮನೆಮನೆಯಲ್ಲೂ ಹೆಣ. ಎರಡನ್ನೂ ತಪ್ಪಿಸಬೇಕಾಗಿತ್ತು.

ಖಾಸಿಂ ಪುಟ್ಟಬೋರಯ್ಯನಿಗೆ ಬೇಡಿ ತೊಡಿಸಿದರು. ಮದ್ದೂರು ಠಾಣೆಗೆ ಹಾಗೆಯೇ ಕರೆದೊಯ್ಯಬೇಕೆಂಬುದು ಅವರ ಇಲಾಖೆಯ ನಿಯಮ. ರಸ್ತೆಯಲ್ಲಿ ಹೋಗುವುದು ಬೇಡವೆಂದು ಎಲ್ಲರಿಗೂ ಅನಿಸಿತು. "ಒಳೆ ದಡ್ದಾಗೇ ಓಯ್ತೀವಿ ಸ್ವಾಮಿ, ಅಲ್ಲಿ ಯಾರೂ ಸಿಕ್ಕಕ್ಕಿಲ್ಲ" ಎಂದು ಪುಟ್ಟಬೋರಯ್ಯನೇ ದಾರಿ ತೋರಿಸಿದ. ನಾನು ರಸ್ತೆಗೆ ಓಡಿ, ಎದುರು ಬಂದ ಮಳವಳ್ಳಿ ಬಸ್ಸನ್ನು ಅಡ್ಡಗಟ್ಟಿ ಹತ್ತಿದೆ.

ಮಳವಳ್ಳಿಗೆ ಇಳಿದಾಗ ಸಂತೆ ಕಾವೇರಿತ್ತು. ನಾನು ಮೊದಲು ಠಾಣೆಗೆ ಹೋಗಿ ಅಲ್ಲಿದ್ದ ದಫೇದಾರರಿಗೆ ಮಾತ್ರ ವಿಷಯ ಹೇಳಿದೆ. "ಬೇರೆ ಯಾರಿಗೂ ಬೇಡ. ನಾನು ಮಾಮೂಲಿ ಜಪ್ತಿ ಅಂತಲೇ ಮಾಡ್ತೀನಿ" ಅಂದೆ. ಅವರು, "ಒಳ್ಳೆ ಸೊಪ್ಪನ್ನ ಕಾರಣ ಹೇಳದೆ ಕಿತ್ಕೊಂಡ್ರೆ ನಿಮ್ಮನ್ನ ಬಿಡ್ತಾರಾ ಸಾರ್?" ಎಂದರು. ನನ್ನನ್ನು ಯಾವಾಗ ಬಿಟ್ಟಿದ್ದಾರೆ ಎಂದು ಹೇಳಿ, ಇಬ್ಬರು ಜವಾನರನ್ನೂ ಎರಡು ಡಬ್ಬ ಫಿನಾಯಿಲನ್ನೂ ಹೊರಡಿಸಿಕೊಂಡು ನಡೆದೆ. ಡಂಗುರದವನನ್ನು ಬೇರೆ ದಿಕ್ಕಿಗೆ ಕಳಿಸಿದೆ. ಇವತ್ತು ಕೊಂಡ ಸೊಪ್ಪನ್ನು ಬಿಸಾಡಬೇಕು, ತಿಂದರೆ ಕಾಲರಾ ಬರುತ್ತದೆ ಎಂದು ಅವನು ಬೀದಿಬೀದಿಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಸಾರಬೇಕು. ಹಸಿ ಸೊಪ್ಪು ಹಣ್ಣುಗಳ ಮೇಲೆ ಕಾಲರಾ ಜಪ್ತಿ ಜನಕ್ಕೆ ಹೊಸದಲ್ಲ, ಅದಕ್ಕೆ ಬೈಯುತ್ತಾರೆಯೇ ಹೊರತು ಯಾರನ್ನೂ ಕೊಲ್ಲುವುದಿಲ್ಲ ಎಂಬುದು ನನ್ನ ಲೆಕ್ಕ.

ಕಾಳಮ್ಮನನ್ನು ನಾನು ಕಂಡವನಲ್ಲ. ಹೆಸರು ಹಿಡಿದು ಕೂಗುವ ಹಾಗೂ ಇರಲಿಲ್ಲ. ಹಾಗಾಗಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಕೊತ್ತಂಬರಿ ಎಂಬುದು ಎಲ್ಲಿ ಕಂಡರೂ ಎತ್ತಿ ರಾಶಿ ಹಾಕಿಸಿದೆ. ಹದಿನಾರಾಣೆ ಒಳ್ಳೆಯ ಸೊಪ್ಪು, ಇಬ್ಬನಿ ಆರದ ಸೊಪ್ಪು. "ಯಾಕೆ ಸ್ವಾಮಿ? ಏನಾಗದೆ ಇದ್ಕೆ?" ಎಂದು ಮಾರುವವರು ಕೇಳಿದರೆ, "ಕಾಲರಾ ಆರ್ಡರ್" ಎಂದೆ. "ಬದನೆಕಾಯ್ಗಿಲ್ದೇ ಇರೋ ಕಾಲ್ರಾ ಕೊತ್ತುಂಬ್ರಿಗೇ ಬತ್ತದಾ?" ಎಂದು ಒಬ್ಬಳು ಕೇಳಿದಳು. ಜಾಣೆ. ಅವಳ ಬುಟ್ಟಿಯನ್ನೂ ಬೋರಲು ಹಾಕಿದೆ. ಕೊಂಡು ಹೋಗುತ್ತಿದ್ದವರ ಚೀಲಕ್ಕೆ ಕೈ ಹಾಕಿ ಕಂತೆ ಕಿತ್ತುಕೊಂಡೆ. ಒಬ್ಬ ಮುದುಕಿಯ ಮಡಿಲಿನಿಂದಲೂ ಕಿತ್ತೆ. ಅವಳು ನನ್ನ ಮುಖಕ್ಕೆ ಉಗಿದಳು. ರಾಶಿಯ ಮೇಲೆ ಫಿನಾಯಿಲ್ ಸುರಿದಾಗ ಇಡೀ ಸಾಲೇ ಎದ್ದು ನಿಂತಿತು.

ಮೊದಲ ಏಟು ಬೆನ್ನಿಗೆ ಬಿತ್ತು. ಆಮೇಲೆ ಎಣಿಸಲಿಲ್ಲ. ಟೋಪಿ ಹಾರಿತು, ಅಂಗಿ ಹರಿಯಿತು. ಜವಾನರಿಬ್ಬರೂ ಜಾಗ ಖಾಲಿ ಮಾಡಿದರು, ಅವರನ್ನು ದೂರುವುದಿಲ್ಲ. ಯಾರೋ ಹೊಟ್ಟೆಗೆ ಒದ್ದರು, ಯಾರೋ ಕೂದಲು ಹಿಡಿದು ನನ್ನ ಮುಖವನ್ನು ಫಿನಾಯಿಲ್ ಸುರಿದ ರಾಶಿಗೆ ಒತ್ತಿದರು. ಕಣ್ಣು ಉರಿದು ಏನೂ ಕಾಣಲಿಲ್ಲ. ಆ ಒಂದು ಕ್ಷಣ ಬಾಯಿಬಿಟ್ಟು ನಿಜ ಹೇಳಿಬಿಡೋಣ ಅನಿಸಿತು. ನಾಲ್ಕು ಮಾತು ಸಾಕಿತ್ತು, ಅಷ್ಟೂ ಕೈ ನನ್ನನ್ನು ಬಿಟ್ಟು ಬೇರೆ ಕಡೆ ತಿರುಗುತ್ತಿದ್ದವು. ಹಲ್ಲು ಕಚ್ಚಿ ಮಲಗಿದೆ. ಎರಡು ಹಲ್ಲು ಅಲ್ಲೇ ಉದುರಿಹೋಗಿದ್ದವು.

ಹೇಗೋ ಎದ್ದು ಮಂಡಿಯೂರಿದಾಗ ಒಬ್ಬ ಹೆಂಗಸು ಜನರನ್ನು ನೂಕಿಕೊಂಡು ಮುಂದೆ ಬಂದಳು. ಸೊಪ್ಪಿಗೆ ನೀರು ಚಿಮುಕಿಸಲು ಇಟ್ಟುಕೊಳ್ಳುವ ಹಿತ್ತಾಳೆಯ ಚೆಂಬು ಅವಳ ಕೈಯಲ್ಲಿತ್ತು. "ಮಗೀನಂಗ್ ಸಾಕಿದ್ ಸೊಪ್ಪು ಕಣ್ಲಾ, ನಿನ್ ಕೈ ಸೇದೋಗಾ! ಮದ್ದೂರಿಂದ ಒತ್ಕೊಂಡ್ ಬಂದಿವ್ನಿ" ಎಂದು ಬೀಸಿದಳು. ಏಟು ಎಡ ಕಪಾಳಕ್ಕೆ ಬಿತ್ತು. ಕಿವಿಯೊಳಗೆ ಏನೋ ಹರಿದ ಹಾಗಾಯಿತು. ಆ ಗದ್ದಲದಲ್ಲಿ ಬೇರೆ ಯಾರೂ ಗಮನಿಸದ ಮದ್ದೂರು ಎಂಬ ಮಾತು ನನಗೆ ಮಾತ್ರ ಸ್ಪಷ್ಟವಾಗಿ ಕೇಳಿತು. ಅವಳೇ ಎಂದು ಗೊತ್ತಾಯಿತು. ಅಷ್ಟರಲ್ಲಿ ದಫೇದಾರರು ಲಾಠಿ ಹಿಡಿದು ನುಗ್ಗಿ ಬಂದಿದ್ದರು. ನಾನು ಅವಳ ಕಡೆ ಕೈ ತೋರಿಸಿ, "ಇವಳು! ಇವಳನ್ನು ಹಿಡೀರಿ. ಸರ್ಕಾರಿ ನೌಕರನ ಮೇಲೆ ಕೈ ಮಾಡಿದ್ದಾಳೆ. ಲಾಕಪ್ಪಿಗೆ ಹಾಕಿ!" ಎಂದು ಕಿರುಚಿದೆ. ದಫೇದಾರರು ನನ್ನ ಮುಖವನ್ನೂ ಅವಳ ಬುಟ್ಟಿಯನ್ನೂ ನೋಡಿ ಒಂದೂ ಪ್ರಶ್ನೆ ಕೇಳದೆ ಅವಳ ರಟ್ಟೆ ಹಿಡಿದರು.

ಮಳವಳ್ಳಿಯ ಆಸ್ಪತ್ರೆಯಲ್ಲಿ ನನ್ನ ತಲೆಗೆ ಹೊಲಿಗೆ ಹಾಕುತ್ತಿರುವಾಗಲೇ ಮಧ್ಯಾಹ್ನದ ಬಸ್ಸು ಬಂತು. ಅದರಲ್ಲಿ ಬಂದವರು ಮದ್ದೂರಿನ ಸುದ್ದಿಯನ್ನು ಪೂರ್ತಿಯಾಗಿ ತಂದಿದ್ದರು: ಕೊತ್ತಂಬರಿಯಲ್ಲಿ ವಿಷ, ಬೆಳೆದವನು ಪುಟ್ಟಬೋರಯ್ಯ, ಅವನ ಹೆಂಡತಿ ಇದೇ ಸಂತೆಗೆ ಬಂದಿದ್ದಾಳೆ. ನನ್ನನ್ನು ಹೊಡೆದ ಜನವೇ ಈಗ ಸೊಪ್ಪಿನ ಸಾಲಿನಲ್ಲಿ ಅವಳನ್ನು ಹುಡುಕಿದರು. ಸಾಲು ಖಾಲಿ. ಅಲ್ಲಿಂದ ಠಾಣೆಯ ಮುಂದೆ ಬಂದು ಕೂಗಾಡಿದರು. ದಫೇದಾರರು ಬಾಗಿಲಿಗೆ ಅಡ್ಡ ನಿಂತು, "ಒಳಗಿರೋದು ಇನ್ಸ್‌ಪೆಕ್ಟ್ರಿಗೆ ಚೆಂಬಲ್ಲಿ ಹೊಡ್ದವ್ಳು. ನೀವು ಹುಡುಕ್ತಿರೋವ್ಳು ಹೊಳೆ ದಾಟಿ ಹೋದ್ಳಂತೆ" ಎಂದರಂತೆ. ಗುಂಪಿನಲ್ಲೊಬ್ಬ, "ಒಳ್ಳೇ ಕೆಲ್ಸ ಮಾಡವ್ಳೆ, ಅವ್ಳ್ನ ಬುಟ್ಬುಡಿ" ಎಂದು ಅವಳ ಪರ ವಾದಿಸಿದನಂತೆ. ಇದನ್ನು ಕೇಳಿ ಒಡೆದ ತುಟಿಯಲ್ಲೇ ನಕ್ಕೆ. ನಗು ಬಂದದ್ದು ಆ ದಿನ ಅದೊಂದೇ ಸಲ.

ಬಸ್ಸು ತಂದ ಸುದ್ದಿ ಅಷ್ಟಕ್ಕೇ ಮುಗಿದಿರಲಿಲ್ಲ. ಹೊಳೆಯ ದಡದಲ್ಲಿ ಯಾರೂ ಸಿಗುವುದಿಲ್ಲವೆಂದು ಪುಟ್ಟಬೋರಯ್ಯ ಹೇಳಿದ್ದ. ಅಂದು ಅಲ್ಲಿ ಸಾಲಾಗಿ ಚಿತೆಗಳು ಉರಿಯುತ್ತಿದ್ದವು. ಸತ್ತವರ ಗಂಡಂದಿರು, ಅಣ್ಣತಮ್ಮಂದಿರು ಅಲ್ಲೇ ಇದ್ದರು. ಬೇಡಿ ಹಾಕಿಸಿಕೊಂಡು ಬರುತ್ತಿದ್ದವನನ್ನು ಅವರು ಯಾಕೆಂದು ಕೇಳಿದರು. ಖಾಸಿಂ ಬಾಯಿ ಬಿಡಲಿಲ್ಲ. ಪುಟ್ಟಬೋರಯ್ಯನೇ ಮಂಡಿಯೂರಿ, ಎಲ್ಲವನ್ನೂ ಹೇಳಿ, ತಪ್ಪಾಯಿತೆಂದು ಅತ್ತನಂತೆ. ಚಿತೆಯ ಸೌದೆಯನ್ನೇ ಎತ್ತಿಕೊಂಡು ಹೊಡೆದರು. ಕೈಗೆ ಬೇಡಿ ಇದ್ದುದರಿಂದ ಅವನಿಗೆ ತಲೆ ಮುಚ್ಚಿಕೊಳ್ಳುವುದಕ್ಕೂ ಆಗಲಿಲ್ಲ. ಖಾಸಿಂ ಅವನ ಮೇಲೆ ಕವುಚಿ ಬಿದ್ದು ಒಂದು ತೋಳು, ಮೂರು ಪಕ್ಕೆಲುಬು ಮುರಿಸಿಕೊಂಡರು. ಪುಟ್ಟಬೋರಯ್ಯ ಉಳಿಯಲಿಲ್ಲ.

ಅವಳಿಗೆ ಹೇಳಬೇಕಾದವನು ನಾನೇ ಎಂದು ಠಾಣೆಗೆ ಹೋದೆ. ಕಾಳಮ್ಮ ಲಾಕಪ್ಪಿನ ಮೂಲೆಯಲ್ಲಿ ಕೂತಿದ್ದಳು. ನನ್ನನ್ನು ಕಂಡು ಬೈಯಲು ಬಾಯಿ ತೆರೆದಳು. ನಾನು ನೆಲದ ಮೇಲೆ ಕೂತೆ. ಪುಡಿ, ಕೋಸಂಬರಿ, ಜಪ್ತಿ, ಹೊಳೆಯ ದಡ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಅಳುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬಿಯ ಹತ್ತಿರ ಸರಿದು ನನ್ನ ತಲೆಯ ಪಟ್ಟಿಯನ್ನೇ ನೋಡುತ್ತ ಕೂತಳು.

"ನಾನ್ ಒಡುದ್ನಲ್ಲ, ಆಗ್ಲೂ ನೀವು ಯೋಳ್ಲಿಲ್ವಾ?"

"ಇಲ್ಲ ಕಣಮ್ಮ."

"ಯೋಳಿದ್ರೆ ನನ್ನ ಸಾಯಿಸ್ಬುಡೋರಾ?"

"ಹೂಂ."

ಅವಳು ಎರಡೂ ಕೈಯಿಂದ ಕಂಬಿ ಹಿಡಿದಳು. ಆಮೇಲೆ, "ಅಲ್ಲಿ ನಿಮ್ಮಂಗೆ ಸುಮ್ಕಿರೋಕೆ ನಮ್ ಯಜಮಾನ್ರಿಗೆ ಬರ್ಲಿಲ್ವಲ್ಲ ಸ್ವಾಮಿ. ನಿಜ ಯೋಳಿ ಸತ್ತೋದ್ರಲ್ಲ" ಎಂದು ಕಂಬಿಗೆ ಹಣೆ ಇಟ್ಟಳು. ಅಳು ಆಗ ಬಂತು. ನನಗೂ ಬಂತು. ದಫೇದಾರರು ಹೊರಗೆ ಹೋದರು.

ಮಳವಳ್ಳಿಯಲ್ಲಿ ಯಾರೂ ಸಾಯಲಿಲ್ಲ. ಪುಟ್ಟಬೋರಯ್ಯನ ತೋಟದ ಕೊತ್ತಂಬರಿಯನ್ನು ಬೇರುಸಹಿತ ಕೀಳಿಸಿ ಸುಣ್ಣ ಹಾಕಿ ಹೂಳಿಸಿದೆ. ಪುಡಿಯ ಡ್ರಮ್ಮುಗಳಿಗೆ ಬೀಗ ಬಿತ್ತು. ಧೂಳು ಬೆರೆಸದ ಪುಡಿ ಶೆಡ್ಡಿನಿಂದ ಹೊರಗೆ ಹೋಗಕೂಡದೆಂದೂ, ಜನರ ಮುಂದೆ ಅದರ ನೀರನ್ನು ಯಾರೂ ಕುಡಿದು ತೋರಿಸಕೂಡದೆಂದೂ ಆರ್ಡರ್ ಬಂತು. ಎರಡನೆಯದನ್ನು ಬರೆಸಿದವರು ಡಾಕ್ಟರೇ. ಹೊಳೆಯ ದಡದಲ್ಲಿ ಹೊಡೆದವರ ಹೆಸರು ಹೇಳಲು ಊರಿನಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ಖಾಸಿಂ ಗುರುತು ಹಿಡಿದ ಇಬ್ಬರೂ ಸಾಕ್ಷಿ ಸಾಲದೆ ಬಿಡುಗಡೆಯಾದರು. ಚೆಂಬಿನ ಏಟಿನ ದೂರನ್ನು ನಾನು ವಾಪಸು ತೆಗೆದುಕೊಂಡೆ. ಕಾಳಮ್ಮ ತವರಿಗೆ, ಮುತ್ತತ್ತಿಯ ಕಡೆಗೆ ಹೋದಳು.

ಆ ದಿನ ಖಾಸಿಂ ಜೊತೆ ನೀವೂ ಇದ್ದಿದ್ದರೆ ಪುಟ್ಟಬೋರಯ್ಯ ಉಳಿಯುತ್ತಿದ್ದನೇನೋ ಎಂದು ಆಮೇಲೆ ಹಲವರು ಅಂದರು. ಇರಬಹುದು. ಆದರೂ ಮತ್ತೆ ಅದೇ ಬೆಳಗು ಬಂದರೆ ನಾನು ಅದೇ ಬಸ್ಸನ್ನೇ ಹತ್ತುವವನು. ಈ ವೃತ್ತಿ ನನಗೆ ಕಲಿಸಿದ ಪಾಠ ಇದೊಂದೇ: ಕೆಟ್ಟ ಮಾಲನ್ನು ಹಿಡಿಯುವ ಮೊದಲು ಮಾರುವವರನ್ನು ಜನರ ಕಣ್ಣಿನಿಂದ ಸರಿಸಬೇಕು. ಫಿನಾಯಿಲು ಸುರಿದ ಮೇಲೆ ಮಾಲಿನ ಕಥೆ ಮುಗಿಯುತ್ತದೆ, ಜನರ ಸಿಟ್ಟು ಅಲ್ಲಿಂದ ಶುರುವಾಗುತ್ತದೆ. ನಿವೃತ್ತಿಯಾಗುವವರೆಗೆ ನಾನು ಯಾವ ಸಂತೆಗೆ ಹೋದರೂ ಮೊದಲು ಮಾರುವವರನ್ನು ಏನಾದರೂ ನೆಪ ಹೇಳಿ ಠಾಣೆಯ ಜಗಲಿಗೆ ಕಳಿಸಿ, ಆಮೇಲೆ ಬುಟ್ಟಿ ಮುಟ್ಟುತ್ತಿದ್ದೆ. ನನ್ನ ಕೈಕೆಳಗಿನ ಹುಡುಗರು, "ಇವರಿಗೆ ಮಾರುವವರ ಮೇಲೆ ಅದೆಷ್ಟು ಸಿಟ್ಟು, ಕಂಡ ತಕ್ಷಣ ಠಾಣೆಗೆ ಕಳಿಸುತ್ತಾರೆ" ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದು ನಾನು ಸುಮ್ಮನಿರುತ್ತಿದ್ದೆ.